77 ಪೀಸಿನ ಜಗಳ

ಲೆಗೊ ವಿಷಯ ಬಂದರೆ ಜನ ಮಾತಾಡುವುದೆಲ್ಲ ದೊಡ್ಡ ಬಾಕ್ಸ್‌ಗಳ ಬಗ್ಗೆಯೇ. ಸಾವಿರಾರು ಪೀಸು, ಟೇಬಲ್ ತುಂಬ ಹರಡಿಕೊಳ್ಳುವ ಕೋಟೆ, ಗಾಜಿನ ಕಪಾಟಿನಲ್ಲಿಡುವ ವಿಮಾನ. ಕೆಳಗಿನ ಶೆಲ್ಫಿನಲ್ಲಿ ಕೂತಿರುವ ಚಿಕ್ಕ ಬಾಕ್ಸ್‌ಗಳನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಯಾರದೋ ಮಗುವಿನ ಬರ್ತ್‌ಡೇಗೆ ಬರಿಗೈಯಲ್ಲಿ ಹೋಗೋದು ಹೇಗೆ ಅಂತ ಎತ್ತಿಕೊಂಡು ಹೋಗುವ ಸಾಮಾನು ಅದು. ನನಗೆ ಮಾತ್ರ ಆ ಚಿಕ್ಕ ಬಾಕ್ಸ್‌ಗಳ ಮೇಲೇ ಕಣ್ಣು. ಸಾವಿರ ಪೀಸು ಕೊಟ್ಟರೆ ಏನಾದರೊಂದು ಚೆಂದ ಆಗಿಯೇ ಆಗುತ್ತದೆ. ಎಪ್ಪತ್ತು ಎಂಬತ್ತು ಪೀಸಿನಲ್ಲಿ ಆಟ ಕಟ್ಟಿಕೊಡುವುದಿದೆಯಲ್ಲ, ಅಲ್ಲಿ ಡಿಸೈನರ್‌ನ ತಲೆ ಕಾಣುತ್ತದೆ.

ಇವತ್ತು ಹೇಳಬೇಕೆಂದಿರುವ ಸೆಟ್‌ನ ನಂಬರ್ 76062. ಹೆಸರು ‘ರಾಬಿನ್ ವರ್ಸಸ್ ಬೇನ್’. ರಾಬಿನ್ ಅಂದರೆ ಬ್ಯಾಟ್‌ಮನ್‌ನ ಜೊತೆಗಾರ ಹುಡುಗ, ಬೇನ್ ಅಂದರೆ ಬ್ಯಾಟ್‌ಮನ್‌ನ ಶತ್ರು. 2016ರಲ್ಲಿ ಬಂದ ಮೈಟಿ ಮೈಕ್ರೋಸ್ ಅನ್ನುವ ಸಾಲಿನ ಒಂದು ಬಾಕ್ಸ್. 77 ಪೀಸು, ಎರಡು ಪುಟಾಣಿ ಗಾಡಿ, ಎರಡು ಮಿನಿಫಿಗರ್, ಅಂದರೆ ಲೆಗೊದ ಪುಟ್ಟ ಮನುಷ್ಯ ಗೊಂಬೆ. ಅಮೆರಿಕದಲ್ಲಿ ಆಗ ಇದರ ಬೆಲೆ 9.99 ಡಾಲರ್. ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು.

ಚಿಕ್ಕ ಸೂಪರ್‌ಹೀರೋ ಸೆಟ್‌ಗೆ ನಾನು ಹಾಕುವ ಪರೀಕ್ಷೆ ಒಂದೇ. ಕಟ್ಟಿ ಮುಗಿಸಿದ ಮೇಲೆ, ಬೇರೆ ಯಾವ ಬಾಕ್ಸನ್ನೂ ತರದೆ, ಆಟ ಶುರುವಾಗುತ್ತದಾ ಇಲ್ಲವಾ? ಸೂಪರ್‌ಹೀರೋ ಅಂದರೇನೇ ಜಗಳ. ಜಗಳಕ್ಕೆ ಇಬ್ಬರು ಬೇಕು. ಇಬ್ಬರಿಗೂ ಹೆಸರಿರಬೇಕು, ಇಬ್ಬರ ಕೈಯಲ್ಲೂ ಏನಾದರೂ ಇರಬೇಕು, ಇಬ್ಬರಿಗೂ ಹತ್ತಿಕೊಳ್ಳಲು ಒಂದೊಂದು ಗಾಡಿ ಇದ್ದರೆ ಇನ್ನೂ ಒಳ್ಳೆಯದು. ಇಷ್ಟು ಸರಳ ವಿಷಯ. ಆದರೂ ಎಷ್ಟು ಸೆಟ್‌ಗಳು ಇದರಲ್ಲಿ ಫೇಲ್ ಆಗುತ್ತವೆ ನೋಡಿ.

2020ರಲ್ಲಿ ಐರನ್ ಮ್ಯಾನ್ ಮೆಕ್ ಬಂತು, ನಂಬರ್ 76140. ಮೆಕ್ ಅಂದರೆ ಒಳಗೆ ಗೊಂಬೆ ಕೂರಿಸುವ ದೊಡ್ಡ ರೋಬೋ. ಬೆಲೆ ಅದೇ 9.99 ಡಾಲರ್, ಪೀಸು 148. ನಮ್ಮಲ್ಲಿ ಲೆಗೊ ಸೆಟ್ ಅಳೆಯುವವರು ಮೊದಲು ಮಾಡುವ ಲೆಕ್ಕ ಒಂದು ಪೀಸಿಗೆ ಎಷ್ಟು ಬಿತ್ತು ಅನ್ನುವುದು. ಹತ್ತು ಸೆಂಟ್ ಒಳಗಿದ್ದರೆ ಲಾಭ, ಮೇಲೆ ಹೋದರೆ ದುಬಾರಿ ಅಂತ ಒಂದು ಅಂದಾಜು ಹಿಂದಿನಿಂದಲೂ ಇದೆ. ಆ ಲೆಕ್ಕದಲ್ಲಿ ಮೆಕ್‌ನ ಪೀಸಿಗೆ ಏಳು ಸೆಂಟ್ ಕೂಡ ಬೀಳುವುದಿಲ್ಲ. ನಮ್ಮ ರಾಬಿನ್ ಬಾಕ್ಸ್‌ಗೆ ಹದಿಮೂರು ಸೆಂಟ್ ಹತ್ತಿರ. ಅಂದರೆ ಮೆಕ್ ಅರ್ಧಕ್ಕರ್ಧ ಅಗ್ಗ. ಆದರೆ ಬಾಕ್ಸ್ ತೆರೆದರೆ ಏನಿದೆ? ಒಬ್ಬನೇ ಟೋನಿ ಸ್ಟಾರ್ಕ್, ಅಂದರೆ ಐರನ್ ಮ್ಯಾನ್. ಮೆಕ್ ಒಳಗೆ ಅವನನ್ನು ಕೂರಿಸಿ, ಕೈ ಮೇಲೆತ್ತಿ, ನಿಲ್ಲಿಸಿ. ಆಮೇಲೆ? ಯಾರ ಜೊತೆ ಹೊಡೆದಾಡಬೇಕು? ಎದುರಾಳಿ ಥಾನೋಸ್ ಬೇಕಿದ್ದರೆ 76141 ಅಂತ ಬೇರೆ ಬಾಕ್ಸ್, 152 ಪೀಸು, ಬೇರೆ ದುಡ್ಡು. ಒಂದು ಜಗಳವನ್ನು ಎರಡು ತುಂಡು ಮಾಡಿ ಎರಡು ಸಲ ಮಾರಿದ ಹಾಗೆ. ಸಾಲದ್ದಕ್ಕೆ ಆ ಮೆಕ್‌ಗೆ ಮೊಣಕಾಲೇ ಮಡಚುವುದಿಲ್ಲ.

ಇನ್ನೊಂದು ಬಗೆಯ ಫೇಲ್ ಕೂಡ ಇದೆ. 2012ರ 6865, ಕ್ಯಾಪ್ಟನ್ ಅಮೆರಿಕನ ಬೈಕಿನ ಸೆಟ್. 72 ಪೀಸು, ಮೂರು ಮಿನಿಫಿಗರ್. ಲೆಕ್ಕದಲ್ಲಿ ಮೂರು ಅಂದರೆ ಭರ್ಜರಿ. ಆದರೆ ಕ್ಯಾಪ್ಟನ್ ಎದುರಿಗೆ ಇರುವವರು ಅನ್ಯಗ್ರಹದಿಂದ ಬಂದ ಇಬ್ಬರು ಚಿಟೌರಿ ಸೈನಿಕರು, ಹೆಸರೇ ಇಲ್ಲದವರು. ಸಾವಿರ ಜನರ ಸೈನ್ಯದಿಂದ ಇಬ್ಬರನ್ನು ಕಿತ್ತುಕೊಂಡು ಬಂದಂತಿದೆ. ಅವರು ಬೀಳುವುದಕ್ಕೇ ಇರುವವರು. ಗೆಲ್ಲುವವನು ಯಾರು ಅಂತ ಮೊದಲೇ ಗೊತ್ತಿರುವ ಜಗಳ ಎಷ್ಟು ಹೊತ್ತು ನಡೆದೀತು?

ಅದೇ ವರ್ಷ ಬಂದ 6866ರ ಕಥೆ ಬೇರೆ. ಎಕ್ಸ್-ಮೆನ್ ಕಾಮಿಕ್ಸ್‌ನ ಹೀರೋ ವುಲ್ವರೀನ್, ಅವನ ಎದುರಾಳಿ ಮ್ಯಾಗ್ನೆಟೊ, ಬಾಡಿಗೆ ಹಂತಕ ಡೆಡ್‌ಪೂಲ್. 199 ಪೀಸು, 19.99 ಡಾಲರ್, ಸರಿಯಾಗಿ ಪೀಸಿಗೆ ಹತ್ತು ಸೆಂಟ್. ಮಿನಿಫಿಗರ್ ಸಂಗ್ರಹ ಮಾಡುವವರನ್ನು ಕೇಳಿದರೆ ಚಿಕ್ಕ ಸೆಟ್‌ಗಳಲ್ಲಿ ಇದೇ ರಾಜ ಅನ್ನುತ್ತಾರೆ. ಒಪ್ಪುತ್ತೇನೆ, ಮೂವರೂ ಭಾರಿ ಕುಳಗಳೇ. ವುಲ್ವರೀನ್, ಮ್ಯಾಗ್ನೆಟೊ ಇಬ್ಬರೂ 2014ರ ಸೆಂಟಿನೆಲ್ ಸೆಟ್‌ನಲ್ಲಿ ಮತ್ತೆ ಬಂದರು. ಡೆಡ್‌ಪೂಲ್ ಬರಲಿಲ್ಲ. ಅದಕ್ಕೇ ಅವನೊಬ್ಬನ ಬೆಲೆ ಏರುತ್ತಾ ಹೋಯಿತು. ಆದರೆ ಆಟದ ದೃಷ್ಟಿಯಿಂದ ನೋಡಿ. ಡೆಡ್‌ಪೂಲ್‌ಗೆ ಒಂದು ಹೆಲಿಕಾಪ್ಟರ್ ಕೊಟ್ಟಿದ್ದಾರೆ. ಯಾಕೆ? ಅವನು ಯಾರ ಕಡೆ? ಮ್ಯಾಗ್ನೆಟೊ ಮತ್ತು ಅವನು ಯಾವಾಗಿಂದ ಜೊತೆ? ಗಾಡಿಗಳೆಲ್ಲ ಗೊಂಬೆಗಳನ್ನು ಮಾರುವುದಕ್ಕೆ ಸಿಕ್ಕ ನೆಪ ಅಷ್ಟೇ. ಗೊಂಬೆ ತೆಗೆದಿಟ್ಟುಕೊಂಡು ಉಳಿದದ್ದನ್ನು ಡಬ್ಬಕ್ಕೆ ಸುರಿದವರೇ ಜಾಸ್ತಿ ಇರಬೇಕು.

ಈಗ ನಮ್ಮ ಬಾಕ್ಸ್‌ಗೆ ಬರೋಣ.

ಮೈಟಿ ಮೈಕ್ರೋಸ್‌ನ ಎಲ್ಲರಿಗೂ ಗಿಡ್ಡ ಕಾಲು. ಲೆಗೊದಲ್ಲಿ ಈ ಗಿಡ್ಡ ಕಾಲು 2002ರಲ್ಲಿ ಸ್ಟಾರ್ ವಾರ್ಸ್‌ನ ಯೋಡಾಗೆ ಬಂದದ್ದು. ಆಮೇಲೆ ಮಕ್ಕಳ ಗೊಂಬೆಗಳಿಗೆ ಬಳಸುತ್ತಾ ಬಂದರು. ಒಂದೇ ಅಚ್ಚು, ಕೀಲಿಲ್ಲ, ಮಡಚುವುದಿಲ್ಲ. ಹಾಗಾಗಿ ಈ ಗೊಂಬೆಗಳು ಕೂರುವುದಿಲ್ಲ. ಗಾಡಿಯ ಮೇಲೆ ನಿಂತೇ ಓಡಿಸುತ್ತವೆ. ದೊಡ್ಡ ಸಂಗ್ರಹಕಾರರಿಗೆ ಇದೇ ಸಿಟ್ಟು. ‘ಇದೇನ್ರೀ, ಬೇನ್ ಅಂದ್ರೆ ಆನೆ ಥರ ಇರ್ಬೇಕು, ಇವನು ರಾಬಿನ್‌ನಷ್ಟೇ ಎತ್ತರ’ ಅಂತ ನನ್ನ ಗೆಳೆಯನೊಬ್ಬ ಗೊಣಗಿದ್ದ. ಅವನು ಹೇಳಿದ್ದು ಸರಿ. ಬೇನ್‌ನ ಇಡೀ ಗುರುತೇ ಅವನ ಮೈಕಟ್ಟು. 1993ರಲ್ಲಿ ಕಾಮಿಕ್ಸ್‌ಗೆ ಬಂದ ವರ್ಷವೇ ಬ್ಯಾಟ್‌ಮನ್‌ನ ಬೆನ್ನು ಮುರಿದವನು. ಅದೇ ಸಾಲಿನಲ್ಲಿ ಹಲ್ಕ್ ಗತಿಯೂ ಇದೇ. 2012ರಲ್ಲಿ ಹೆಲಿಕ್ಯಾರಿಯರ್ ಸೆಟ್‌ನಲ್ಲಿ ಅವನನ್ನು ಮಾಮೂಲಿ ಮಿನಿಫಿಗರ್‌ನ ಎರಡು ಪಟ್ಟು ದಪ್ಪ ಮಾಡಿದ್ದರು. ಇಲ್ಲಿ ಅವನಿಗೂ ಅದೇ ಗಿಡ್ಡ ಕಾಲು.

ಆದರೆ ನನಗೆ ಈ ಗಿಡ್ಡ ಕಾಲೇ ಈ ಸೆಟ್‌ನ ಜಾಣತನ ಅನ್ನಿಸುತ್ತದೆ. ಎಪ್ಪತ್ತೇಳು ಪೀಸಿನಲ್ಲಿ ನಿಜವಾದ ಬ್ಯಾಟ್‌ಮನ್ ಲೋಕ ಮಾಡಲು ಹೊರಟರೆ ಅದು ದೊಡ್ಡ ಸೆಟ್‌ನ ಒಂದು ಮೂಲೆ ಮುರಿದುಕೊಂಡು ಬಂದಂತೆ ಕಾಣುತ್ತದೆ. ಇವರು ಆ ಗೋಜಿಗೇ ಹೋಗಿಲ್ಲ. ಎಲ್ಲರನ್ನೂ ಚಿಳ್ಳೆ ಪಿಳ್ಳೆಗಳನ್ನಾಗಿ ಮಾಡಿದ್ದಾರೆ, ಎಲ್ಲರಿಗೂ ಬೀದಿ ಮಕ್ಕಳ ತಳ್ಳುಗಾಡಿಯಂಥ ಗಾಡಿ ಕೊಟ್ಟಿದ್ದಾರೆ. ಅಲ್ಲಿಗೆ ‘ಇದು ಚಿಕ್ಕದಾಯಿತು’ ಅನ್ನುವ ಮಾತೇ ಬರುವುದಿಲ್ಲ. ಇದರ ಅಳತೆಯೇ ಇಷ್ಟು.

ಗಾಡಿಗಳಲ್ಲಿ ಬೇನ್‌ನದೇ ಮೇಲು. ಮುಂದೆ ಒಂದು ಡ್ರಿಲ್. ಒರಟು ಮನುಷ್ಯ, ಒರಟು ಗಾಡಿ, ಎದುರಿಗಿದ್ದದ್ದನ್ನು ಕೊರೆದುಕೊಂಡು ಹೋಗುತ್ತಾನೆ, ಮುಗೀತು. ಮಗುವಿಗೆ ವಿವರಿಸಬೇಕಾದ್ದೇ ಇಲ್ಲ. ರಾಬಿನ್ ಗಾಡಿ ಪರವಾಗಿಲ್ಲ, ಅಷ್ಟೇ. ರಾಬಿನ್ ಮಿನಿಫಿಗರ್ ಕೂಡ ಹಾಗೇ. ಗಿಡ್ಡ ಕಾಲು ಅವನಿಗೆ ಹೊಂದುತ್ತದೆ, ಅವನು ಹೇಗೂ ಹುಡುಗನೇ ತಾನೆ. ಆದರೆ ರಾಬಿನ್‌ಗಳು ಲೆಗೊದಲ್ಲಿ 2006ರಿಂದ ಬರುತ್ತಲೇ ಇದ್ದಾರೆ. ಅವನಿಗಾಗಿ ಈ ಬಾಕ್ಸ್ ಹುಡುಕಬೇಕಾಗಿಲ್ಲ.

ಹುಡುಕಬೇಕಾದ್ದು ಬೇನ್‌ಗಾಗಿ. ಅವನೂ ಹಳಬನೇ. 2007ರ ಬ್ಯಾಟ್ ಟ್ಯಾಂಕ್ ಸೆಟ್‌ನಲ್ಲಿದ್ದ, 2012ರ ಬ್ಯಾಟ್‌ಕೇವ್‌ನಲ್ಲಿದ್ದ, 2013ರ ಟಂಬ್ಲರ್ ಸೆಟ್‌ನಲ್ಲೂ ಇದ್ದ. ಅಲ್ಲೆಲ್ಲ ಸಾಮಾನ್ಯ ಖಳನ ಪೋಸು. ಇಲ್ಲಿ ಅವನ ಜೊತೆ ಒಂದು ಟೆಡ್ಡಿ ಕರಡಿ ಕೊಟ್ಟಿದ್ದಾರೆ.

ಕಾಮಿಕ್ಸ್ ಓದಿದವರು ಇಲ್ಲಿ ಒಂದು ಸಲ ನಕ್ಕು, ಆಮೇಲೆ ಸುಮ್ಮನಾಗುತ್ತಾರೆ. ಬೇನ್ ಹುಟ್ಟಿದ್ದೇ ಜೈಲಿನಲ್ಲಿ. ಅಪ್ಪ ಮಾಡಿದ ಅಪರಾಧಕ್ಕೆ ಮಗ ಶಿಕ್ಷೆ ಅನುಭವಿಸಬೇಕಾದ ಕಥೆ ಅದು. ಸಾಂಟಾ ಪ್ರಿಸ್ಕಾ ಅನ್ನುವ ಕಲ್ಪನೆಯ ದೇಶ, ಪೆನ್ಯಾ ದೂರೊ ಅನ್ನುವ ಸೆರೆಮನೆ. ಅಲ್ಲಿ ಆ ಹುಡುಗನಿಗೆ ಇದ್ದದ್ದು ಓಸಿಟೊ ಅನ್ನುವ ಒಂದು ಕರಡಿ ಗೊಂಬೆ. ಅದರ ಬೆನ್ನಲ್ಲಿ ತೂತು ಮಾಡಿ ಒಳಗೆ ಚಾಕು ಬಚ್ಚಿಟ್ಟುಕೊಂಡಿರುತ್ತಾನೆ. ಮಗುವಿನ ಗೆಳೆಯನೂ ಅದೇ, ಆಯುಧವೂ ಅದೇ. ಚಕ್ ಡಿಕ್ಸನ್, ಡಗ್ ಮೊಯೆಂಚ್, ಗ್ರಹಾಂ ನೋಲನ್ ಸೇರಿ ಕಟ್ಟಿದ ಪಾತ್ರ ಇದು. ಬೇನ್ ಬರೀ ಗೂಳಿ ಅಲ್ಲ ಅಂತ ಓದುಗನಿಗೆ ತಾಗುವುದು ಈ ಕರಡಿಯಿಂದಲೇ.

ಲೆಗೊ ಇದಕ್ಕಾಗಿ ಹೊಸ ಅಚ್ಚೇನೂ ಮಾಡಿಲ್ಲ. ಆ ಟೆಡ್ಡಿ ಪೀಸು 2012ರಲ್ಲೇ ಇತ್ತು, ಬಿಡಿ ಮಿನಿಫಿಗರ್‌ಗಳ ಆರನೇ ಸರಣಿಯಲ್ಲಿ ನಿದ್ದೆಗಣ್ಣಿನ ಹುಡುಗನೊಬ್ಬನ ಕೈಯಲ್ಲಿ. ಡಿಸೈನರ್ ಮಾಡಿದ್ದಿಷ್ಟೇ, ಇದ್ದ ಪೀಸನ್ನು ಎತ್ತಿ ಸರಿಯಾದ ಕೈಗೆ ಕೊಟ್ಟದ್ದು. ಹೆಚ್ಚು ಖರ್ಚಿಲ್ಲದ, ಚಾಕು ಇಲ್ಲದ, ಚಿಕ್ಕ ಮಕ್ಕಳ ಬಾಕ್ಸ್‌ಗೆ ಹೊಂದುವ ಒಂದು ಪೀಸು. ಅದೇ ಇಡೀ ಪಾತ್ರವನ್ನು ಹೇಳಿಬಿಡುತ್ತದೆ. ಮೈ ತುಂಬ ಪ್ರಿಂಟ್, ಕಾಲಿನ ಪಕ್ಕಕ್ಕೂ ಪ್ರಿಂಟ್ ಅಂತ ಇವತ್ತಿನ ಮಿನಿಫಿಗರ್‌ಗಳನ್ನು ಹೊಗಳುತ್ತೇವಲ್ಲ, ಅಷ್ಟೆಲ್ಲ ಶಾಯಿ ಸುರಿದರೂ ಈ ಕೆಲಸ ಆಗುವುದಿಲ್ಲ.

ಕಥೆ ಗೊತ್ತಿಲ್ಲದವರಿಗೂ ಇದು ಕೆಲಸ ಮಾಡುತ್ತದೆ ಅನ್ನುವುದು ಇನ್ನೂ ದೊಡ್ಡ ಮಾತು. ನನ್ನ ಅಕ್ಕನ ಮಗಳಿಗೆ ಬೇನ್ ಅಂದರೆ ಯಾರು ಅಂತಲೇ ಗೊತ್ತಿಲ್ಲ. ಗೊಂಬೆ ನೋಡಿದ ತಕ್ಷಣ ಕೇಳಿದ್ದು, ‘ಮಾಮ, ಇಷ್ಟು ಕೋಪ ಇರೋನು ಕರಡಿ ಯಾಕೆ ಹಿಡ್ಕೊಂಡಿದಾನೆ?’ ಆಮೇಲೆ ಅವಳೇ ಉತ್ತರ ಮಾಡಿಕೊಂಡಳು. ರಾಬಿನ್ ಕರಡಿ ಕದ್ದಿದ್ದನಂತೆ, ಇವನು ವಾಪಸ್ ಕಿತ್ತುಕೊಂಡನಂತೆ. ಅಂದರೆ ಜಗಳಕ್ಕೆ ಕಾರಣ ಕೂಡ ಬಾಕ್ಸ್ ಒಳಗೇ ಇತ್ತು. ಮೆಕ್ ಸೆಟ್‌ನ 148 ಪೀಸು ಸೇರಿದರೂ ಇಂಥ ಒಂದು ಕಾರಣ ಕೊಡಲಿಲ್ಲ.

ಗಿಡ್ಡ ಕಾಲು ಸಹಿಸಲಾಗದವರಿಗೆ ಒಂದು ದಾರಿ ಇದೆ. ಲೆಗೊ ಮಿನಿಫಿಗರ್‌ನ ಸೊಂಟ 1978ರಿಂದ ಒಂದೇ ಅಳತೆ. ಬೇರೆ ಗೊಂಬೆಯ ಮಾಮೂಲಿ ಕಪ್ಪು ಕಾಲು ತಂದು ಸಿಕ್ಕಿಸಿ, ಬೇನ್ ಎದ್ದು ನಿಲ್ಲುತ್ತಾನೆ. ನಾನು ಮಾಡಿ ನೋಡಿದೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಗಾಡಿಯ ಮೇಲೆ ನಿಲ್ಲಿಸಿದರೆ ಸೈಕಲ್ ಮೇಲೆ ನಿಂತ ದೊಡ್ಡಪ್ಪನ ಥರ ಆಗಿಬಿಡುತ್ತಾನೆ.

ಇನ್ನು ದುಡ್ಡಿನ ಮಾತು. ಹತ್ತು ಡಾಲರ್ ಅಂದರೆ ಅಲ್ಲಿ ಮಗು ಪಾಕೆಟ್ ಮನಿ ಕೂಡಿಸಿ ತಾನೇ ತಗೊಳ್ಳಬಹುದಾದ ಬೆಲೆ. ಇಲ್ಲಿ ಹಾಗಲ್ಲ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟ್‌ಗೆ ಏರಿತು, 2023ರಲ್ಲಿ 70ಕ್ಕೆ. 2021ರ ಜನವರಿಯಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಬೇರೆ ಕಡ್ಡಾಯ. ಹಾಗಾಗಿ ಅಲ್ಲಿ ‘ಸುಮ್ನೆ’ ತಗೊಳ್ಳುವ ಬಾಕ್ಸ್ ಇಲ್ಲಿ ಯೋಚಿಸಿ ತಗೊಳ್ಳುವ ಬಾಕ್ಸ್. ನಾವು ಪೀಸು ಎಣಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು. ಕೊಟ್ಟ ದುಡ್ಡಿಗೆ ತೂಕ ಸಿಗಬೇಕು ಅನ್ನಿಸುತ್ತದೆ. ತಪ್ಪೇನಿಲ್ಲ. ಆದರೆ ಆ ಲೆಕ್ಕದಲ್ಲಿ ಕರಡಿಯೂ ಒಂದೇ ಪೀಸು, ಗಾಡಿಯ ಅಡಿಗೆ ಯಾರಿಗೂ ಕಾಣದೆ ಕೂತಿರುವ ತುಂಡೂ ಒಂದೇ ಪೀಸು.

ಈ ಬೆಲೆಯಿಂದಾಗಿಯೇ ನಮ್ಮಲ್ಲಿ ಡೂಪ್ಲಿಕೇಟ್ ಮಿನಿಫಿಗರ್‌ಗಳು ರಾಶಿ ಬಿದ್ದಿವೆ. ಒಮ್ಮೆ ಒಬ್ಬ ಮಾರಾಟಗಾರ ‘ಒರಿಜಿನಲ್’ ಅಂತ ನನಗೂ ಅಂಥದ್ದನ್ನೇ ಕಳಿಸಿದ್ದ. ಕೈ ಸಡಿಲ, ಕಾಲು ಜಾರುತ್ತದೆ, ಮುಖದ ಪ್ರಿಂಟ್ ಒಂದು ಕಡೆ ವಾಲಿತ್ತು. ಸೆಟ್ ತಗೊಳ್ಳುವಾಗ ಇಟ್ಟಿಗೆಗಳ ಮೇಲಿನ ಗುಬುಟು ನೋಡಿ, ಪ್ರತಿಯೊಂದರ ಮೇಲೂ ಲೆಗೊ ಅಂತ ಅಚ್ಚಾಗಿರುತ್ತದೆ. ಮಿನಿಫಿಗರ್ ಆದರೆ ಕೂದಲು ತೆಗೆದು ತಲೆಯ ಮೇಲಿನ ಗುಬುಟು ನೋಡಬೇಕು. ಅಷ್ಟು ಹತ್ತಿರದ ಫೋಟೋ ಕೇಳಿದರೆ ಬೇಜಾರು ಮಾಡಿಕೊಳ್ಳುವವನ ಹತ್ತಿರ ವ್ಯಾಪಾರವೇ ಬೇಡ.

ಮೈಟಿ ಮೈಕ್ರೋಸ್ 2016, 17, 18, ಮೂರು ವರ್ಷ ನಡೆಯಿತು. ವರ್ಷಕ್ಕೆ ಆರರಂತೆ ಒಟ್ಟು ಹದಿನೆಂಟು ಬಾಕ್ಸ್, ಅರ್ಧ ಡಿಸಿ ಕಾಮಿಕ್ಸ್ ಕಂಪನಿಯ ಪಾತ್ರಗಳದ್ದು, ಅರ್ಧ ಮಾರ್ವೆಲ್‌ನದ್ದು. ಎಲ್ಲವೂ ಚೆನ್ನಾಗಿಲ್ಲ. ಹಲ್ಕ್ ಮತ್ತು ಅಲ್ಟ್ರಾನ್ ನನಗೆ ಹಿಡಿಸಲಿಲ್ಲ. ಸೂಪರ್‌ಮ್ಯಾನ್ ಮತ್ತು ಬಿಜಾರೊ ಒಳ್ಳೆಯ ಜೋಡಿ, ಒಬ್ಬ ಇನ್ನೊಬ್ಬನ ತಿರುಗುಮುರುಗು. ವುಲ್ವರೀನ್ ಮತ್ತು ಮ್ಯಾಗ್ನೆಟೊ ಸೆಟ್ ಬಗ್ಗೆ ಒಂದು ತಮಾಷೆ ಇದೆ. ಕಾಮಿಕ್ಸ್‌ನಲ್ಲಿ ವುಲ್ವರೀನ್‌ನ ಎತ್ತರ ಬರೀ ಐದು ಅಡಿ ಮೂರು ಇಂಚು. ಸಿನಿಮಾದಲ್ಲಿ ಎತ್ತರದವನನ್ನು ಹಾಕಿ ನಮಗೆಲ್ಲ ಮರೆತೇ ಹೋಗಿದೆ. ಗಿಡ್ಡ ಕಾಲಿನವನೇ ಮೂಲಕ್ಕೆ ಹತ್ತಿರ. ಕಿಲ್ಲರ್ ಮಾತ್‌ನಂಥ ಮೂಲೆಗುಂಪಾದ ಖಳನಿಗೂ ಬ್ಯಾಟ್‌ಮನ್ ಎದುರು ಒಂದು ಇಡೀ ಬಾಕ್ಸ್ ಸಿಕ್ಕಿದೆ, ಅದು ಇಂಥ ಸಾಲಿನಲ್ಲಿ ಮಾತ್ರ ಸಾಧ್ಯ.

ಆದರೂ ಒಂದೇ ತಗೊಳ್ಳಬೇಕು ಅಂದರೆ ನಾನು ಹೇಳುವುದು 76062. ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ‘ಎರಡು ಫಿಗರ್ ಇವೆ, ಗಾಡಿ ಪೂರ್ತಿ ಇದೆ’ ಅಂತ ಬರೆದಿರುತ್ತಾರೆ. ಗಾಡಿಯಲ್ಲಿ ಒಂದೆರಡು ತುಂಡು ಕಮ್ಮಿ ಇದ್ದರೂ ನಡೆಯುತ್ತದೆ, ಬಿಡಿಯಾಗಿ ತಂದು ಹಾಕಿಕೊಳ್ಳಬಹುದು. ಫೋಟೋದಲ್ಲಿ ಕರಡಿ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಬೆಲೆ ಇಳಿಸೋಕೆ ಹೇಳಿ.