ಮಲಗುವ ಓಮ್ನಿ

ಹೋಂಸ್ಟೇಗಳ ಗಡಿಯಾರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಒಳಗೆ ಬರುವುದು ಮಧ್ಯಾಹ್ನ ಎರಡರ ನಂತರ, ಹೊರಗೆ ಹೋಗುವುದು ಮರುದಿನ ಬೆಳಿಗ್ಗೆ ಹನ್ನೊಂದರೊಳಗೆ. ದುಡ್ಡು ಮಾತ್ರ ಪೂರಾ ದಿನದ್ದು. ಅದೂ ಹೋಗಲಿ. ಶನಿವಾರ ಬೆಳಿಗ್ಗೆ ಎದ್ದು, ಮೋಡ ಸರಿದದ್ದು ನೋಡಿ, ಮಡಿಕೇರಿ ಕಡೆ ಒಂದು ಸುತ್ತು ಹೋಗಿಬರೋಣ ಅಂತ ಫೋನ್ ಮಾಡಿದರೆ ಆಚೆಯ ಹುಡುಗ ಕೇಳಿದ, "ಯಾವ ತಿಂಗಳ ಶನಿವಾರ ಸಾರ್?" ಅವನು ತಮಾಷೆ ಮಾಡುತ್ತಿರಲಿಲ್ಲ.

ಸುಮ್ನೆ ಒಂದು ತಿರುಗಾಟಕ್ಕೆ ತಿಂಗಳುಗಟ್ಟಲೆ ಮುಂಚೆ ಮುಹೂರ್ತ ಇಡಬೇಕಾದರೆ ಅದಕ್ಕಿಂತ ಯಾರದಾದರೂ ಮದುವೆಗೆ ಹೋಗುವುದೇ ವಾಸಿ, ಊಟವಾದರೂ ಸಿಗುತ್ತದೆ. ಹಾಗಾಗಿ ಮಲಗುವ ಜಾಗವನ್ನೇ ಜೊತೆಗೆ ಕೊಂಡುಹೋಗುವುದು ಅಂತ ತೀರ್ಮಾನಿಸಿದೆ. ಸಣ್ಣದೊಂದು ಹಳೇ ವ್ಯಾನು ಸಾಕು. ಒಳಗೊಂದು ಹಾಸಿಗೆ, ಒಂದು ಪುಟ್ಟ ಗ್ಯಾಸ್ ಸ್ಟವ್, ಕ್ಯಾನಿನಲ್ಲಿ ನೀರು. ಮನಸ್ಸು ಬಂದಾಗ ಹೊರಡುವುದು, ನಿದ್ದೆ ಬಂದಲ್ಲಿ ನಿಲ್ಲಿಸುವುದು.

ಇದೇನು ನಾನು ಕಂಡುಹಿಡಿದದ್ದಲ್ಲ. ಕೇರಳ ಸರಕಾರವೇ 2021ರಲ್ಲಿ 'ಕೆರವಾನ್ ಕೇರಳ' ಅಂತ ಕ್ಯಾರವಾನ್ ಟೂರಿಸಂ ಶುರು ಮಾಡಿದೆ. ಅದರ ಫೋಟೋ ನೋಡಿದ್ದೇನೆ. ಬಸ್ಸಿನಷ್ಟು ದೊಡ್ಡ ಗಾಡಿ, ಒಳಗೆ ಅಡುಗೆಮನೆ, ಏಸಿ, ಬಾತ್‌ರೂಮು. ಅದು ನಿಲ್ಲುವುದಕ್ಕೂ ಬೇರೆಯೇ ಪಾರ್ಕು. ಅಂದರೆ ಮತ್ತೆ ಬುಕ್ಕಿಂಗು! ಅಂಥ ಗಾಡಿ ಕಾಸರಗೋಡಿನ ಪೆರ್ಲದ ಕಡೆಯ ನಮ್ಮ ಒಳರಸ್ತೆಗೆ ಬಂದು, ಎದುರಿನಿಂದ ಒಂದು ಜೀಪು ಸಿಕ್ಕಿದರೆ ಆ ಇಬ್ಬರು ಡ್ರೈವರುಗಳು ಅಲ್ಲೇ ಸಂಸಾರ ಹೂಡಬೇಕು. ನಮಗೆ ಮಾರುತಿಯ ಓಮ್ನಿ ವ್ಯಾನೇ ಸರಿ. ಕಾಸರಗೋಡು ಜಿಲ್ಲೆಯಾದದ್ದೂ ಮಾರುತಿ ವ್ಯಾನು ರಸ್ತೆಗೆ ಇಳಿದದ್ದೂ ಒಂದೇ ವರ್ಷ, 1984ರಲ್ಲಿ. ವ್ಯಾನು 2019ಕ್ಕೆ ನಿಂತುಹೋಯಿತು. ಜಿಲ್ಲೆ ಇನ್ನೂ ಇದೆ, ಅಲ್ವಾ, ಅಷ್ಟರಮಟ್ಟಿಗೆ ಸಮಾಧಾನ.

ಪುತ್ತೂರಿನಲ್ಲಿ ಒಂದು ಒಳ್ಳೆಯ ಗಾಡಿ ಇತ್ತು. ಕೆಎ 21 ನಂಬರು. ಬಣ್ಣ, ಟಯರು ಎಲ್ಲ ಸರಿ, ರೇಟೂ ಕಮ್ಮಿ. ಆದರೆ ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಕೇರಳದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿಯ ನಂಬರು ಹಾಕಿಸಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಅದಕ್ಕೆ ಫಾರ್ಮ್ 28, ಹೆಸರು ಬದಲಿಸಲು ಫಾರ್ಮ್ 29, ಫಾರ್ಮ್ 30, ಮೇಲೆ ಇಲ್ಲಿಯ ಟ್ಯಾಕ್ಸು. ಗಡಿಯ ಅಡ್ಕಸ್ಥಳದಲ್ಲಿ ನಿಂತು ಕೂಗಿದರೆ ಕೇಳುವಷ್ಟು ಹತ್ತಿರದ ಕರ್ನಾಟಕಕ್ಕೆ ಇಷ್ಟೊಂದು ಕಾಗದ! 1956ರ ನವೆಂಬರ್ 1ಕ್ಕೆ ಕಾಸರಗೋಡೆಂಬ ಒಂದಿಡೀ ತಾಲೂಕನ್ನು, ಜನ, ದನ, ಅಡಿಕೆ ತೋಟ ಸಮೇತ, ಮದ್ರಾಸಿನಿಂದ ಎತ್ತಿ ಕೇರಳಕ್ಕೆ ಇಟ್ಟರಲ್ಲ, ಆಗ ನಮ್ಮ ಅಜ್ಜಂದಿರ ಹತ್ತಿರ ಯಾರಾದರೂ ಎನ್‌ಒಸಿ ಕೇಳಿದ್ದರಾ? ಒಂದು ಓಮ್ನಿ ದಾಟಿಸುವುದಕ್ಕೆ ಮಾತ್ರ ಬೇಕು. ಈ ಮಾತನ್ನು ನಾನು ಎಲ್ಲ ಮದುವೆ ಮನೆಗಳಲ್ಲೂ ಹೇಳಿ ಆಗಿದೆ. ಈಗ ನಾನು 'ಸಾವಿರದ ಒಂಬೈನೂರ' ಅನ್ನುವಾಗಲೇ ಜನ ಪಾಯಸದ ಕಡೆ ನೋಡುತ್ತಾರೆ.

ಕೊನೆಗೆ ಸೀತಾಂಗೋಳಿಯ ಹತ್ತಿರ ಹಳೇ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ ಒಂದು ಜಾಗದಲ್ಲಿ ಕೆಎಲ್ 14 ನಂಬರಿನದೇ ಒಂದು ಓಮ್ನಿ ಸಿಕ್ಕಿತು. ಬಿಳಿ ಬಣ್ಣ, 2013ರ ಮಾಡೆಲು. ಆರ್‌ಸಿಗೆ 2028ರಲ್ಲಿ 15 ವರ್ಷ ತುಂಬುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ರಿನ್ಯೂವಲ್.

"ಟೀಚರ್ ಓಡಿಸಿದ ಗಾಡಿ ಸಾರ್" ಅಂದ ಬ್ರೋಕರು. "ಮನೆ, ಸ್ಕೂಲು, ಸ್ಕೂಲು, ಮನೆ. ಬೇರೆ ಎಲ್ಲಿಗೂ ಹೋದದ್ದಿಲ್ಲ."

ನಮ್ಮ ಕಡೆ ಮಾರಾಟಕ್ಕೆ ಬರುವ ಗಾಡಿಗಳನ್ನೆಲ್ಲ ಒಂದೋ ಟೀಚರು ಓಡಿಸಿರುತ್ತಾರೆ, ಇಲ್ಲವೇ ಡಾಕ್ಟರು. ಅಡಿಕೆಯವರು, ಮೀನಿನವರು, ಸಾಮಿಯಾನದವರು ಗಾಡಿ ಮಾರುವುದೇ ಇಲ್ಲವೋ ಏನೋ. ಪಕ್ಕದ ಬಾಗಿಲು ಎಳೆದೆ. ಅರ್ಧಕ್ಕೆ ಬಂದು ನಿಂತಿತು. ಬಗ್ಗಿ ನೋಡಿದರೆ ಬಾಗಿಲು ಜಾರುವ ಹಳಿಯಲ್ಲಿ ಒಂದು ಒಣಗಿದ ಅಡಿಕೆ, ಸಿಪ್ಪೆ ಸಮೇತ, ಭದ್ರವಾಗಿ ಕೂತಿತ್ತು. ಮ್ಯಾಟ್ ಎತ್ತಿದೆ. ತಗಡಿನ ಮೇಲೆ ನೀಲಿ ಕಲೆ, ಅಲ್ಲಲ್ಲಿ ಸುಣ್ಣದ ಬಿಳಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಬಿಡುವವರ ಮನೆಯಲ್ಲಿ ಹುಟ್ಟಿದವನಿಗೆ ಮೈಲುತುತ್ತಿನ ಗುರುತು ಹೇಳಿಕೊಡಬೇಕಾ?

"ಟೀಚರ್ ಏನು ಪಾಠ ಮಾಡ್ತಿದ್ರು, ಕೃಷಿಯಾ?" ಅಂತ ಕೇಳಿದೆ.

ಅವನು ನಾಚಲಿಲ್ಲ. "ಗಾಡಿ ಗಟ್ಟಿ ಉಂಟು ಅಂತ ಅರ್ಥ ಅಲ್ವಾ ಸಾರ್?"

ಮಲಗುವುದಕ್ಕೆ ಅಂತ ಹೇಳಿದಾಗ ಅವನು ಮೊದಲ ಸಲ ತಬ್ಬಿಬ್ಬಾದ. ಆದರೆ ಬ್ರೋಕರು ಬ್ರೋಕರೇ. ಹಿಂದಿನ ಸೀಟು ಬಿಚ್ಚಿ ಕೆಳಗಿಟ್ಟ, ಹಿಂದಿನ ಬಾಗಿಲು ಮೇಲಕ್ಕೆತ್ತಿದ, ಎಲ್ಲಿಂದಲೋ ಒಂದು ಚಾಪೆ ತಂದು ಹಾಸಿದ. "ಮಲಗಿ ನೋಡಿ ಸಾರ್!" ಕಂಪೆನಿಯ ಲೆಕ್ಕದಲ್ಲಿ ಓಮ್ನಿಯ ಒಟ್ಟು ಉದ್ದ 3,370 ಮಿಲಿಮೀಟರ್, 11 ಅಡಿ. ಮುಂದಿನ ಸೀಟೂ ಅದರ ಅಡಿಯಲ್ಲಿರುವ ಎಂಜಿನೂ ಕಳೆದರೆ ಉಳಿಯುವುದು ನನಗಿಂತ ಗಿಡ್ಡ. ಮೂಲೆಯಿಂದ ಮೂಲೆಗೆ ಮಲಗಿದೆ. ಆದರೂ ಮೊಣಕಾಲಿನಿಂದ ಕೆಳಗಿನ ನಾನು ಸೀತಾಂಗೋಳಿಯ ರಸ್ತೆಗೆ ಕಾಣುತ್ತಿದ್ದೆ. ಬಿಸಿಲಿಗೆ ಹಾಯೆನಿಸಿ ಕಣ್ಣು ಮುಚ್ಚಿದೆ.

ನಮ್ಮೂರಲ್ಲಿ ಮನುಷ್ಯ ಓಮ್ನಿಯೊಳಗೆ ಕಣ್ಣು ಮುಚ್ಚಿ ಮಲಗುವುದು ಯಾವಾಗ? ಮಂಗಳೂರಿನ ಆಸ್ಪತ್ರೆಗೆ ಹೋಗುವಾಗ. ಓಮ್ನಿ ಆಂಬುಲೆನ್ಸುಗಳನ್ನೇ ನೋಡಿ ಬೆಳೆದ ಊರು ಇದು.

ಮೊದಲು ಕೇಳಿಸಿದ್ದು ಒಂದು ಹೆಂಗಸಿನ ಸ್ವರ, ತುಳುವಿನಲ್ಲಿ. "ದಾನೆ ಆಂಡ್?" ಏನಾಯಿತು ಅಂತ. ಆಮೇಲೆ ಒಬ್ಬರು ಮಲಯಾಳದಲ್ಲಿ ಅದನ್ನೇ ಕೇಳಿದರು. ಆಟೋ ನಿಲ್ಲಿಸಿ ಒಬ್ಬ ಇಳಿದ. ಕಣ್ಣು ಬಿಡುವ ಹೊತ್ತಿಗೆ ಪಂಚೆ ಉಟ್ಟ ಹಿರಿಯರೊಬ್ಬರು ನನ್ನ ಪಾದ ಮುಟ್ಟಿ ನೋಡುತ್ತಿದ್ದರು. "ಬೆಚ್ಚಗೆ ಉಂಟು" ಅಂತ ಸುತ್ತ ನಿಂತವರಿಗೆ ವರದಿ ಕೊಟ್ಟರು. "ಶುಗರಾ, ಪ್ರೆಶರಾ?"

"ಎಂತದ್ದೂ ಇಲ್ಲ, ಸುಮ್ನೆ ಮಲಗಿದ್ದು" ಅಂದೆ.

"ಎಲ್ಲರೂ ಹಾಗೇ ಹೇಳುವುದು. ಕಂಕನಾಡಿಗೆ ಬೇಡ, ರಸ್ತೆ ಬ್ಲಾಕು. ದೇರಳಕಟ್ಟೆಗೇ ಬಿಡಿ."

ಅಲ್ಲಿಂದ ಚರ್ಚೆ ಶುರುವಾಯಿತು ನೋಡಿ. ದೇರಳಕಟ್ಟೆಯಾ, ಕಂಕನಾಡಿಯಾ. ಹೈವೇ ಮೇಲಾ, ಒಳರಸ್ತೆಯಾ. ಯಾರ ಭಾವನನ್ನು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟಿಸಿದ್ದು, ಎಷ್ಟು ಬಿಲ್ಲಾದದ್ದು. ನಗುವ ವಿಷಯವೂ ಅಲ್ಲ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಹೆದರಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸುಗಳು ತಲಪಾಡಿಯಿಂದ ವಾಪಸು ಬಂದದ್ದನ್ನು ಕಂಡ ಜನ ಇವರು. ವೈರಿಯ ಮೇಲೂ ಮಾಡದ ಕೆಲಸ ಅದು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಗಿರುವಾಗ ರಸ್ತೆ ಬದಿಯಲ್ಲಿ ಎರಡು ಕಾಲು ಕಂಡರೆ ಅವರು ನಿಲ್ಲದೆ ಹೋದಾರಾ? ಒಬ್ಬ ಹುಡುಗ ಓಡಿಹೋಗಿ ಬೊಂಡ ಕೆತ್ತಿಸಿಕೊಂಡು ಬಂದ. ಕುಡಿದೆ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಆಸ್ಪತ್ರೆ ಖರ್ಚಿಗಾಯಿತು ಅಂದ.

ನಾನು ಎದ್ದು ಕೂತು ನಿಜ ಹೇಳಿದೆ. ಶನಿವಾರ, ಭಾನುವಾರ ಎಲ್ಲಾದರೂ ಹೋಗಿ ಇದರಲ್ಲೇ ಮಲಗುವುದು ಅಂತ. ಗುಂಪು ಒಂದು ಗಳಿಗೆ ಸುಮ್ಮನಾಯಿತು. ಆ ಹಿರಿಯರು ತಗ್ಗಿದ ಸ್ವರದಲ್ಲಿ ಕೇಳಿದರು, "ಮನೆಯಲ್ಲಿ ಎಂತಾದರೂ ತಕರಾರಾ?"

ಸಂಜೆ ಮನೆಗೆ ಬರುವ ಮೊದಲೇ ಕುಂಬಳೆಯ ಭಾವನ ಫೋನು ಬಂದಿತ್ತು. ನನಗೆ ಹಾರ್ಟಿನ ತೊಂದರೆಯಂತೆ, ದೇರಳಕಟ್ಟೆಗೆ ಕೊಂಡುಹೋಗಿದ್ದಾರಂತೆ. ಹೆಂಡತಿ ಅತ್ತಿರಲಿಲ್ಲ. ಚಾರ್ಜರು, ಟವೆಲು, ಇನ್ಶೂರೆನ್ಸ್ ಕಾರ್ಡು ಚೀಲಕ್ಕೆ ಹಾಕಿ ಜಗಲಿಯಲ್ಲಿ ಕೂತಿದ್ದಳು. ವ್ಯಾನು ನೋಡಿದಳು, ನನ್ನನ್ನು ನೋಡಿದಳು, ಚೀಲ ಒಳಗೆ ತೆಗೆದುಕೊಂಡು ಹೋದಳು.

ಅಂತೂ ವ್ಯಾನು ಬಂತು. ಗ್ಯಾಸ್ ಸ್ಟವ್ ಬಂತು. ಪರದೆಯೂ ಬಂತು. ಪರದೆ ಹಾಕಿದ ಓಮ್ನಿಯನ್ನು ರಾತ್ರಿ ಬೇಕಲದ ಕಡಲ ಬದಿಯಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಅಂತ ನಾನು ಬರೆಯುವುದಿಲ್ಲ. ಟಾರ್ಚು ಹಿಡಿದು ಬಂದವರು ಕೇಳಿದ ಪ್ರಶ್ನೆಗಳು ಗೃಹಸ್ಥರು ಓದುವಂಥವಲ್ಲ.

ಆದರೆ ಪೊಲೀಸರಿಗಿಂತ ಕಷ್ಟ ನೆಂಟರದು. ನೀವು ಮೂರಾರು ತಲೆಮಾರಿನಿಂದ ಒಂದೇ ಸೀಮೆಯಲ್ಲಿ ಹೆಣ್ಣು ಕೊಟ್ಟು ತಂದವರಾದರೆ ನಿಮ್ಮ ಗಾಡಿ ನಿಲ್ಲಿಸಲು ಜಾಗವೇ ಇರುವುದಿಲ್ಲ. ಪೊಸಡಿ ಗುಂಪೆಯಲ್ಲಿ ಸೂರ್ಯೋದಯ ನೋಡಬೇಕೆಂದು ಗುಡ್ಡದ ಬುಡದಲ್ಲಿ ನಿಲ್ಲಿಸಿ, ಚಾ ಕಾಯಿಸಿ, ಇನ್ನೇನು ಕಾಲು ಚಾಚಬೇಕು, ಧರ್ಮತ್ತಡ್ಕದ ಚಿಕ್ಕಮ್ಮನ ಮಗ ಬೈಕಿನಲ್ಲಿ ಬಂದ. "ಅಮ್ಮ ಕಾಯ್ತಾ ಇದ್ದಾಳೆ. ಬನ್ನಿ." ಬರುವುದಿಲ್ಲ ಅಂದದ್ದಕ್ಕೆ ಚಿಕ್ಕಮ್ಮನೇ ಫೋನಿಗೆ ಬಂದರು. "ನಮ್ಮ ಮನೆಯಲ್ಲಿ ಎಂತ ಕಮ್ಮಿ ಆಯ್ತು ಅಂತ ಮಾರ್ಗದ ಬದಿಯಲ್ಲಿ ಮಲಗಿದ್ದು ನೀನು? ಊರವರು ನಮಗೆ ಏನು ಹೇಳಿಯಾರು?" ಆ ರಾತ್ರಿ ಹಪ್ಪಳ, ಸಾಂಬಾರು, ಫ್ಯಾನು, ಮೆತ್ತನೆ ಹಾಸಿಗೆ. ಬೆಳಿಗ್ಗೆ ಕೊಟ್ಟಿಗೆ ಕಡುಬು ಬೇಯುವವರೆಗೆ ಬಿಡಲಿಲ್ಲ. ಸೂರ್ಯ ಅಷ್ಟು ಹೊತ್ತಿಗೆ ನೆತ್ತಿಯ ಹತ್ತಿರ ಬಂದಿದ್ದ. ಪ್ರೀತಿ ಅಂತ ನೀವು ಹೇಳಬಹುದು. ಹೌದು, ಪ್ರೀತಿಯೇ. ಆದರೆ ಮನುಷ್ಯನಿಗೆ ಒಂದು ರಾತ್ರಿಯಾದರೂ ಯಾರ ಪ್ರೀತಿಗೂ ಸಿಕ್ಕದೆ ಇರಬೇಕು ಅನಿಸಬಾರದಾ?

ಈಗ ಕಣ್ಣು ರಾಣಿಪುರದ ಮೇಲಿದೆ. ದೂರ, ಕೊಡಗಿನ ಗಡಿ, ಹುಲ್ಲಿನ ಬೆಟ್ಟ. ಕೆಳಗೆ ಗಾಡಿ ನಿಲ್ಲಿಸಿ ಬೆಳಿಗ್ಗೆ ಹತ್ತಬಹುದು. ನನ್ನ ಕಡೆಯವರು ಆ ದಿಕ್ಕಿನಲ್ಲಿ ಒಬ್ಬರೂ ಇಲ್ಲ, ಲೆಕ್ಕ ಹಾಕಿ ನೋಡಿದ್ದೇನೆ. ನಿನ್ನೆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಬೀನ್ಸ್ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ ಸ್ವಲ್ಪ ಯೋಚಿಸಿದಳು.

"ಅಲ್ಲೇ ಹತ್ತಿರ ಪಾಣತ್ತೂರಿಗೆ ನಮ್ಮ ದೊಡ್ಡಮ್ಮನ ಮಗಳ ನಾದಿನಿಯನ್ನು ಕೊಟ್ಟದ್ದಲ್ವಾ? ಹೋಗುವ ಮೊದಲು ಒಂದು ಫೋನ್ ಮಾಡಿಬಿಡಿ. ಆಮೇಲೆ ಬೇಜಾರು ಮಾಡಿಕೊಂಡಾರು."