ದುಬಾರಿ ಸಂಶೋಧನಾ ಉಪಕರಣದ ಅನುದಾನ: ಹಂಚಿಕೊಂಡು ಬಳಸುವ ಲ್ಯಾಬ್‌ಗಳಿಗೇ ಮೊದಲು ಸಿಗಬೇಕೇ?

ಪರ

ಎನ್‌ಎಂಆರ್ ಯಂತ್ರವನ್ನೇ ನೋಡಿ. ಅಣುಗಳ ರಚನೆ ತಿಳಿಯಲು ಬಳಸುವ ಈ ಯಂತ್ರದೊಳಗೆ ದೊಡ್ಡ ಆಯಸ್ಕಾಂತ ಇರುತ್ತದೆ. ಸಾಮಾನ್ಯವಾಗಿ ಅದು ಸದಾ ದ್ರವ ಹೀಲಿಯಂನಲ್ಲಿ, ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಮುಳುಗಿರಬೇಕು. ರಜೆ ಬಂತು ಎಂದು ಸ್ವಿಚ್ ಆರಿಸಿ ಹೋಗುವಂತಿಲ್ಲ. ಯಾರೂ ಬಳಸದ ದಿನವೂ ಅದರ ಖರ್ಚು ನಿಲ್ಲುವುದಿಲ್ಲ. ಒಂದು ಲ್ಯಾಬ್ ವಾರಕ್ಕೆ ಎರಡು ದಿನ ಬಳಸಿ ಉಳಿದ ಐದು ದಿನ ಬಾಗಿಲು ಹಾಕಿಟ್ಟರೆ, ಸಾರ್ವಜನಿಕರ ಹಣ ಸುಮ್ನೆ ಆವಿಯಾಗುತ್ತದೆ. ಪಕ್ಕದ ಕಟ್ಟಡದಲ್ಲೇ ಅದಕ್ಕಾಗಿ ಕಾಯುವವರು ಇರುತ್ತಾರೆ ಅಲ್ವಾ?

ಅಮೆರಿಕದಲ್ಲಿ ಆರೋಗ್ಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನ ‘ಎಸ್10’ ಅನುದಾನ ಇದನ್ನು ನಿಯಮವಾಗಿಯೇ ಮಾಡಿಕೊಂಡಿದೆ. ಹಂಚಿ ಬಳಸುವ ಉಪಕರಣ ಬೇಕೆಂದು ಅರ್ಜಿ ಹಾಕುವವರು, ಎನ್‌ಐಎಚ್ ಅನುದಾನವಿರುವ ಕನಿಷ್ಠ ಮೂವರು ಸಂಶೋಧಕರಿಗೆ ಅದು ಬೇಕು ಎಂದು ತೋರಿಸಬೇಕು. ನನಗೆ ಇದು ಸರಿಯೆನಿಸುತ್ತದೆ. ಮೂವರು ಕೂತು ಮಾತಾಡಿದಾಗಲೇ ಯಾವ ಮಾದರಿ ಬೇಕು, ಯಾವುದು ಬರೀ ಆಸೆ ಎಂಬುದು ಗೊತ್ತಾಗುತ್ತದೆ.

ವಿಜ್ಞಾನಿ ರಿಚರ್ಡ್ ಹೆಂಡರ್ಸನ್ ಅವರ ಕೆಲಸ ನೆನಪಿಗೆ ಬರುತ್ತದೆ. 1975ರಲ್ಲಿ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಒಂದು ಪ್ರೋಟೀನಿನ ರಚನೆಯ ಮೊದಲ ಮಾದರಿ ಕೊಟ್ಟರು. ಪ್ರತಿ ಪರಮಾಣುವಿನ ಜಾಗ ತಿಳಿಯುವಷ್ಟು ಸ್ಪಷ್ಟ ಚಿತ್ರ ಸಿಗಲು 1990ರವರೆಗೆ ಕಾಯಬೇಕಾಯಿತು. ಆ 15 ವರ್ಷಗಳಲ್ಲಿ ಜಗತ್ತಿನ ಒಳ್ಳೊಳ್ಳೆಯ ಸೂಕ್ಷ್ಮದರ್ಶಕಗಳನ್ನು ಹುಡುಕಿಕೊಂಡು ಹೋದರು. ಒಂದರ ಕೊರತೆಯನ್ನು ಇನ್ನೊಂದು ತುಂಬಿತು. 2017ರಲ್ಲಿ ಇನ್ನಿಬ್ಬರೊಡನೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ಯಂತ್ರಗಳ ಬಾಗಿಲು ಹೊರಗಿನವರಿಗೆ ಮುಚ್ಚಿದ್ದರೆ?

ಹೊಸದಾಗಿ ಲ್ಯಾಬ್ ಕಟ್ಟುವ ತರುಣ ಸಂಶೋಧಕರ ಬಗ್ಗೆ ನನಗೆ ಕಾಳಜಿ ಜಾಸ್ತಿ. ಅವರ ಬಳಿ ಯೋಚನೆ ಇರುತ್ತದೆ, ಯಂತ್ರ ಇರುವುದಿಲ್ಲ. ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕವನ್ನು ಬಳಸುವ ಸಮಯಕ್ಕೆ ಯಾವ ದೇಶದವರಾದರೂ ಅರ್ಜಿ ಹಾಕಬಹುದು. 2018ರಿಂದ ಅರ್ಜಿದಾರರ ಹೆಸರನ್ನೇ ಪರಿಶೀಲಕರಿಗೆ ತೋರಿಸದೆ ಆಯ್ಕೆ ನಡೆಯುತ್ತಿದೆ. ನೆಲದ ಮೇಲಿನ ಯಂತ್ರಗಳಿಗೂ ಇಂಥ ದಾರಿ ಬೇಕು.

ವಿರೋಧ

ಹಂಚಿಕೊಳ್ಳುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅನುದಾನ ಮೊದಲು ಅಲ್ಲಿಗೇ ಹೋಗಲಿ ಎಂಬ ನಿಯಮದ ಬಗ್ಗೆ ನನ್ನ ತಕರಾರು.

ಬುಕಿಂಗ್ ಪಟ್ಟಿಯಲ್ಲಿ ನಿಮ್ಮ ಸರದಿ ಮೂರು ವಾರದ ನಂತರ ಬರುತ್ತದೆ ಎಂದುಕೊಳ್ಳಿ. ಸಿಗುವುದು ನಾಲ್ಕು ಗಂಟೆ. ಆ ನಾಲ್ಕು ಗಂಟೆಯಲ್ಲಿ ಯಾರು ತಾನೇ ಹುಚ್ಚು ಪ್ರಯೋಗಕ್ಕೆ ಕೈಹಾಕುತ್ತಾರೆ? ಖಂಡಿತ ಫಲ ಕೊಡುವುದನ್ನೇ ಮಾಡುತ್ತಾರೆ. ಹೊಸದು ಹುಟ್ಟುವುದು ಹಾಗಲ್ಲ. ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಚ್ ರೋರರ್ 1981ರಲ್ಲಿ ಪರಮಾಣುಗಳನ್ನೇ ತೋರಿಸಬಲ್ಲ ಸೂಕ್ಷ್ಮದರ್ಶಕವನ್ನು ತಮ್ಮ ಲ್ಯಾಬಿನಲ್ಲೇ ಕಟ್ಟಿದರು. ಕಂಪನ ತಟ್ಟದಿರಲಿ ಎಂದು ರಾತ್ರಿ ಹೊತ್ತು, ಉಸಿರು ಬಿಗಿಹಿಡಿದು ಅಳತೆ ತೆಗೆದರು. 1986ರಲ್ಲಿ ನೊಬೆಲ್ ಬಂತು. ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚುವ ಸ್ವಾತಂತ್ರ್ಯ ಅವರಿಗಿತ್ತು. ಎಲ್ಲರೂ ಬಳಸುವ ಯಂತ್ರದ ಸ್ಕ್ರೂ ಮುಟ್ಟಲೂ ಬಿಡುವುದಿಲ್ಲ. ಬಿಡಬಾರದು ಕೂಡ, ಮರುದಿನ ಬೇರೆಯವರ ಸರದಿ ಇರುತ್ತದಲ್ಲ.

ಇನ್ನು ಪರೀಕ್ಷೆಗೆ ತರುವ ಕೆಲವು ಮಾದರಿಗಳು ಕಾಯುವುದೇ ಇಲ್ಲ. ಜೀವಕೋಶ ಸಾಯುತ್ತದೆ, ಪ್ರೋಟೀನ್ ಕೆಡುತ್ತದೆ.

ನನಗೆ ಜಾಸ್ತಿ ನೋವು ಕೊಡುವುದು ಬೇರೆ ಸಂಗತಿ. ಆನೆ ಕೊಟ್ಟವರು ಅಂಕುಶ ಕೊಡಲಾರರೇ ಎನ್ನುತ್ತೇವೆ. ಇಲ್ಲಿ ಎಷ್ಟೋ ಸಲ ಆನೆ ಮಾತ್ರ ಬರುತ್ತದೆ. ಯಂತ್ರ ಕೊಳ್ಳಲು ಹಣವಿದೆ, ಅದನ್ನು ನಡೆಸುವ ತಂತ್ರಜ್ಞರ ಸಂಬಳಕ್ಕೆ ಇಲ್ಲ. ವಾರಂಟಿ ಮುಗಿದ ಮೇಲೆ ದುರಸ್ತಿಯ ಕರಾರಿಗೂ ಇಲ್ಲ. ಒಬ್ಬರದೇ ಯಂತ್ರವಾದರೆ ಅವರು ಹೇಗಾದರೂ ಒದ್ದಾಡಿ ಸರಿಮಾಡಿಸುತ್ತಾರೆ. ಎಲ್ಲರ ಯಂತ್ರ ಕೆಟ್ಟರೆ ಇನ್ನೊಬ್ಬರು ನೋಡಿಕೊಳ್ಳಲಿ ಎಂದು ಎಲ್ಲರೂ ಕಾಯುತ್ತಾರೆ. ಕೊನೆಗೆ ಖರ್ಚು ತುಂಬಲು ಬಳಕೆ ಶುಲ್ಕ ಏರುತ್ತದೆ. ಆಗ ಮೊದಲು ದೂರ ಸರಿಯುವವರು, ಮೇಲಿನ ‘ಪರ’ ವಾದ ಕಾಳಜಿ ತೋರಿದ ಅದೇ ತರುಣ ಸಂಶೋಧಕರು.

ಯಂತ್ರದ ಪಕ್ಕ ನಿಂತು ಕಲಿಸುವ ತಂತ್ರಜ್ಞರು ವಿಜ್ಞಾನದ ಅರ್ಧ ಕೆಲಸ ಮಾಡುತ್ತಾರೆ. ಮಾದರಿ ಸರಿಯಿಲ್ಲ ಎಂದು ಮೊದಲು ಗುರುತಿಸುವವರು ಅವರೇ. ಅವರಿಗೆ ವರ್ಷವರ್ಷ ನವೀಕರಿಸುವ ತಾತ್ಕಾಲಿಕ ಕೆಲಸ ಕೊಟ್ಟರೆ ಒಂದು ದಿನ ಹೊರಟುಹೋಗುತ್ತಾರೆ. ಅವರ ಜೊತೆ ಯಂತ್ರದ ಎಲ್ಲ ಗುಟ್ಟೂ ಹೋಗುತ್ತದೆ.

ಅರ್ಜಿಯಲ್ಲಿ ಎಷ್ಟು ಜನ ಹಂಚಿಕೊಳ್ಳುತ್ತೀರಿ ಎಂದು ಕೇಳುವ ಸಮಿತಿ ಇನ್ನೊಂದು ಪ್ರಶ್ನೆಯನ್ನೂ ಸೇರಿಸಲಿ: ನಾಲ್ಕನೇ ವರ್ಷ ಈ ಯಂತ್ರದ ಪಕ್ಕ ಯಾರು ನಿಂತಿರುತ್ತಾರೆ, ಅವರ ಸಂಬಳ ಎಲ್ಲಿಂದ ಬರುತ್ತದೆ?