ಒಂಬತ್ತನೇ ತರಗತಿಗೆ ಲೇತ್ ಬೇಕೇ?

ಲೇತ್ ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಕೊರೆದು ಆಕಾರ ಕೊಡುವ ಯಂತ್ರ. ಇಂಥ ಮೆಷಿನ್ ಕೆಲಸ ಮತ್ತು ಎಂಜಿನಿಯರಿಂಗ್ ಡ್ರಾಯಿಂಗನ್ನು ಹೈಸ್ಕೂಲಿನಲ್ಲೇ ಅಂಕ ಸಿಗುವ ವಿಷಯವಾಗಿ ಕಲಿಸಬೇಕೇ? ಪುಣೆಯ ಇಬ್ಬರು ಕನ್ನಡಿಗರು ಇಲ್ಲಿ ಬರೆದಿದ್ದಾರೆ. ಒಬ್ಬರು ಭೋಸರಿಯಲ್ಲಿ ಸಣ್ಣ ಮೆಷಿನ್ ಶಾಪ್ ನಡೆಸುತ್ತಾರೆ. ಇನ್ನೊಬ್ಬರು ಪಿಂಪ್ರಿ ಕಡೆ ಗಣಿತದ ಶಿಕ್ಷಕಿ.

ಪರ: ಡ್ರಾಯಿಂಗ್ ಓದುವುದೂ ಓದೇ

ಹೋದ ವರ್ಷ ನಮ್ಮ ಶಾಪಿನಲ್ಲಿ ಒಂದೇ ಪಾಳಿಯಲ್ಲಿ 40 ಬ್ರ್ಯಾಕೆಟ್ ಗುಜರಿಗೆ ಹೋದವು. ಒಂದು ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯಲ್ಲಿ ಜೋಡಿಸಲು ಎರಡು ಪದ್ಧತಿ ಇವೆ. ಡ್ರಾಯಿಂಗ್ ಅಮೆರಿಕದ ಗಿರಾಕಿಯದು, ಥರ್ಡ್ ಆ್ಯಂಗಲ್ ಪದ್ಧತಿ. ನಮ್ಮಲ್ಲಿ ರೂಢಿ ಫಸ್ಟ್ ಆ್ಯಂಗಲ್. ಎಡಬದಿಯಿಂದ ಕಾಣುವ ನೋಟವನ್ನು ಥರ್ಡ್ ಆ್ಯಂಗಲ್‌ನಲ್ಲಿ ಎಡಕ್ಕೇ ಬರೆಯುತ್ತಾರೆ, ಫಸ್ಟ್ ಆ್ಯಂಗಲ್‌ನಲ್ಲಿ ಬಲಕ್ಕೆ. ಯಾವ ಪದ್ಧತಿ ಅಂತ ಹಾಳೆಯಲ್ಲೇ ಒಂದು ಪುಟ್ಟ ಗುರುತು ಇರುತ್ತದೆ. ನಮ್ಮ ಹುಡುಗ ಅದನ್ನು ನೋಡಲಿಲ್ಲ. ತೂತುಗಳೆಲ್ಲ ಎದುರು ಬದಿಗೆ ಬಿದ್ದವು.

ಅವನು ಇಂಡಿ ಕಡೆಯವನು, ಹತ್ತನೇ ತರಗತಿ ಪಾಸು. ಕೈ ಬಲು ಚುರುಕು. ಒಂದೊಂದು ತೂತಿನ ಅಳತೆಯೂ ಸರಿಯಾಗಿತ್ತು, ಜಾಗ ಮಾತ್ರ ತಪ್ಪು. "ಅಣ್ಣಾರ, ಇದನ್ನ ಸಾಲ್ಯಾಗ ಯಾರೂ ತೋರ್ಸಿಲ್ರಿ" ಅಂದ. ಬೈಯಲು ನನಗೆ ಬಾಯಿ ಬರಲಿಲ್ಲ. ನನಗೂ ಯಾರೂ ತೋರಿಸಿರಲಿಲ್ಲ. ಲೇತ್ ಮುಂದೆ ನಿಂತು, ಬೈಸಿಕೊಂಡು, ಮಾಲು ಕೆಡಿಸಿ ಕಲಿತವನು ನಾನು.

ಹತ್ತನೇ ತರಗತಿಯ ಮಕ್ಕಳು ಸೈನ್, ಕೊಸೈನ್, ಟ್ಯಾನ್ ಬಾಯಿಪಾಠ ಮಾಡುತ್ತಾರೆ. ಯಾಕೆ ಅಂತ ಕೇಳಿದರೆ ಪರೀಕ್ಷೆಗೆ ಅನ್ನುತ್ತಾರೆ. ಅವರ ಕೈಗೆ ಒಂದು ಕಬ್ಬಿಣದ ಸರಳು ಕೊಡಿ. ಒಂದು ತುದಿಯ ವ್ಯಾಸ 40 ಮಿಲಿಮೀಟರ್, ಇನ್ನೊಂದು ತುದಿಯದು 30, ನಡುವಿನ ಉದ್ದ 50, ಹೀಗೆ ಟೇಪರ್ ಮಾಡು, ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ಸಣ್ಣದಾಗುತ್ತಾ ಹೋಗುವಂತೆ ಕೊರೆ ಅನ್ನಿ. ವ್ಯಾಸಗಳ ವ್ಯತ್ಯಾಸ 10. ಅದನ್ನು ಉದ್ದದ ಎರಡರಷ್ಟರಿಂದ, ಅಂದರೆ 100ರಿಂದ ಭಾಗಿಸಿದರೆ 0.1. ಟ್ಯಾನ್ 0.1 ಆಗುವ ಕೋನ ಸುಮಾರು 5 ಡಿಗ್ರಿ 43 ಮಿನಿಟು. ಲೇತಿನಲ್ಲಿ ಟೂಲ್ ಹಿಡಿದು ಓರೆಯಾಗಿ ತಿರುಗುವ ಭಾಗವಾದ ಕಾಂಪೌಂಡ್ ರೆಸ್ಟನ್ನು ಅಷ್ಟಕ್ಕೆ ತಿರುಗಿಸಿ ಟೂಲ್ ಓಡಿಸಿದರೆ ಟೇಪರ್ ಕಣ್ಣೆದುರೇ ಮೂಡುತ್ತದೆ. ಆಗ ಟ್ಯಾನ್ ಅಂದರೆ ಏನು ಅಂತ ಮತ್ತೆ ಹೇಳಿಕೊಡಬೇಕಾಗಿಲ್ಲ.

ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಹೋದದ್ದು ಚಿತ್ರ ಕಲಿಯಲು. ಕಣ್ಣಿಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯದೆ ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು. ಬೆಳಗಾವಿಯ ಸೈಕಲ್ ಅಂಗಡಿ, ಕಬ್ಬಿಣದ ನೇಗಿಲು, 1910ರಲ್ಲಿ ಕಟ್ಟಿದ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎಲ್ಲವೂ ಆಮೇಲಿನವು. ಆ ಕೈಗೆ ಮೊದಲು ಬಂದದ್ದು ಡ್ರಾಯಿಂಗ್.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿಯ ನಡುವೆ 10 ದಿನ ಬ್ಯಾಗ್ ಬಿಟ್ಟು ಬಡಗಿ, ಕುಂಬಾರರಂಥ ಕಸುಬಿನವರ ಹತ್ತಿರ ಕಲಿಯುವ ಮಾತಿದೆ. ಒಳ್ಳೆಯದು, ಆದರೆ ಸಾಲದು. ಫೈಲ್, ಅಂದರೆ ಅರ ಹಿಡಿದು ಉಜ್ಜಿ ಒಂದು ಕಬ್ಬಿಣದ ತುಂಡನ್ನು ಸರಿಯಾದ ಚೌಕ ಮಾಡಲು ಹೊಸಬನಿಗೆ ದಿನಗಟ್ಟಲೆ ಬೇಕು. ವಾರಕ್ಕೆ ನಾಲ್ಕು ಪಿರಿಯಡ್, ಎರಡು ವರ್ಷ ಕೊಡಿ. ಸೂಕ್ಷ್ಮ ಅಳತೆಯ ವರ್ನಿಯರ್, ಮೈಕ್ರೋಮೀಟರ್, ಫೈಲಿಂಗ್, ಡ್ರಾಯಿಂಗ್, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಕ್ಯಾಡ್ ಕಲಿಸಿ. ಹುಡುಗಿಯರಿಗೂ ಕಲಿಸಿ. ಅಂಕವನ್ನೂ ಕೊಡಿ, ಇಲ್ಲದಿದ್ದರೆ ಪರೀಕ್ಷೆ ಹತ್ತಿರ ಬಂದಾಗ ಮೊದಲು ರದ್ದಾಗುವ ಪಿರಿಯಡ್ ಇದೇ ಆಗಿರುತ್ತದೆ.

ವಿರೋಧ: ಆ ಪಟ್ಟಿ ಬರೆಯುವವರು ಯಾರು?

ನಾನು ಮೊದಲು ಕೆಲಸ ಮಾಡಿದ ಶಾಲೆಯಲ್ಲಿ ಇಂಥದೇ ಒಂದು ವಿಷಯ ಇತ್ತು. ಯಾರು ತೆಗೆದುಕೊಳ್ಳಬೇಕು ಅಂತ ಮಕ್ಕಳನ್ನು ಕೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಪಟ್ಟಿ ತಯಾರಾಯಿತು. ಗಣಿತದಲ್ಲಿ ಹಿಂದೆ ಇದ್ದವರು, ಗಲಾಟೆ ಮಾಡುವವರು, ತಂದೆ ತಾಯಿ ಬಂದು ಪ್ರಶ್ನೆ ಕೇಳದವರು. ನಾನೂ ಆರು ಹೆಸರು ಕೊಟ್ಟೆ. ಆರೂ ಮಕ್ಕಳು ಕಟ್ಟಡ ಕೆಲಸಕ್ಕೆ ಪುಣೆಗೆ ಬಂದವರ ಮನೆಯವರು. ಡಾಕ್ಟರ ಮಗಳ ಹೆಸರು ಯಾರ ಪಟ್ಟಿಯಲ್ಲೂ ಇರಲಿಲ್ಲ.

ವಾರದ ನಂತರ ಒಬ್ಬ ತಂದೆ ಬಂದರು. ಸಿಂದಗಿಯವರು, ಸೆಂಟ್ರಿಂಗ್ ಕೆಲಸ. ಸಿಟ್ಟಿನ ಮಾತು ಒಂದೂ ಇಲ್ಲ. "ಅಕ್ಕೋರ, ನಾ ಹೊತ್ತಿದ್ದು ಸಾಕ್ರಿ. ಇಂವಗ ಇನ್ನೆರಡು ವರ್ಷ ಪುಸ್ತಕ ಹಿಡಿಯಾಕ ಬಿಡ್ರಿ" ಅಂದರು. ಅವತ್ತು ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಕೈಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಹದಿನಾಲ್ಕು ವರ್ಷದ ಮಗುವಿನ ದಾರಿಯನ್ನು ಬೇರೆಯವರು ಆರಿಸುವುದು ಬೇಡ ಅನ್ನುತ್ತೇನೆ. ಹೆಸರಿಗೆ ಅದು ಐಚ್ಛಿಕ ವಿಷಯ, ಆದರೆ ಬಡ ಮನೆಯ ಮಗುವಿನ ಇಚ್ಛೆ ಕೇಳುವವರು ಯಾರು? ಹತ್ತನೇ ತರಗತಿ ಮುಗಿದ ಮೇಲೆ ದಾರಿಗಳು ಇದ್ದೇ ಇವೆ. ಐಟಿಐಯಲ್ಲಿ ಫಿಟ್ಟರ್, ಟರ್ನರ್ ಎರಡು ವರ್ಷ. ಡಿಪ್ಲೊಮಾ ಮೂರು ವರ್ಷ. ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಲು 1961ರ ಕಾಯ್ದೆ ಇದೆ. ಇವುಗಳಿಗೆ ಹೋಗುವ ಮಗು ಹದಿನಾರರ ಹತ್ತಿರ ಇರುತ್ತದೆ. ಎರಡೇ ವರ್ಷ ಅಂತ ಅನ್ನಿಸಬಹುದು. ಆದರೆ ಬೀಜಗಣಿತ ಎಷ್ಟೋ ಮಕ್ಕಳಿಗೆ ತಲೆಗೆ ಹತ್ತುವುದೇ ಆ ಎರಡು ವರ್ಷಗಳಲ್ಲಿ. ಇದನ್ನು ತರಗತಿಯಲ್ಲಿ ನಿಂತು ನೋಡಿದ್ದೇನೆ.

ಇನ್ನು ಸಲಕರಣೆ. ಆ ಶಾಲೆಯಲ್ಲಿ ಒಂದು ಹಳೆಯ ಲೇತ್ ಇತ್ತು. ಅದಕ್ಕೆ ಹೊದಿಸಿದ ಬಟ್ಟೆಯನ್ನು ತೆಗೆದದ್ದು ಇನ್‌ಸ್ಪೆಕ್ಷನ್ ದಿನ ಮಾತ್ರ. ಕಲಿಸುವವರು ಕಾಂಟ್ರಾಕ್ಟ್ ಮೇಲೆ ಬಂದವರು, ಅರ್ಧ ವರ್ಷಕ್ಕೇ ಬಿಟ್ಟು ಹೋದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕ ಓದು ಅಂದಾಗ ಅದರ ಹಿಂದೆ ದೊಡ್ಡ ಆಸೆ ಇತ್ತು. ಅದರದೇ ನೆರಳಿನಲ್ಲಿ ಬಂದ ಎಸ್‌ಯುಪಿಡಬ್ಲ್ಯು (ಸಮಾಜಕ್ಕೆ ಉಪಯುಕ್ತ ಉತ್ಪಾದಕ ಕೆಲಸ) ಪಿರಿಯಡ್ಡಿನಲ್ಲಿ ನಾವು ಮಾಡಿದ್ದು ಮೇಣದಬತ್ತಿ, ಗ್ರೀಟಿಂಗ್ ಕಾರ್ಡ್. ಅಂಕವೂ ಸಿಗುತ್ತಿತ್ತು, ಕಲಿಕೆ ಮಾತ್ರ ಆಗಲಿಲ್ಲ. ಮೇಷ್ಟ್ರು, ಮೆಷಿನ್ ಎರಡೂ ಇಲ್ಲದ ಕಡೆ ಪಠ್ಯಕ್ರಮ ಬದಲಿಸಿ ಏನು ಪ್ರಯೋಜನ, ಹೇಳಿ?

ಟೇಪರ್ ಲೆಕ್ಕ ನನಗೂ ತುಂಬಾ ಇಷ್ಟವಾಯಿತು. ಅದನ್ನು ನನ್ನ ಗಣಿತ ತರಗತಿಗೇ ತನ್ನಿ. ಡ್ರಾಯಿಂಗನ್ನೂ ತನ್ನಿ. ಅಲ್ಲಿ ಎಲ್ಲ ಮಕ್ಕಳೂ ಇರುತ್ತಾರೆ, ಡಾಕ್ಟರ ಮಗಳೂ ಇರುತ್ತಾಳೆ. ಒಂದು ಗುಂಪನ್ನು ಬೇರೆ ಮಾಡಿ ಬೇರೆ ಕೋಣೆಗೆ ಕಳಿಸುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ.

ಆ ಹುಡುಗನ ಹೆಸರನ್ನು ನಾನು ಪಟ್ಟಿಯಿಂದ ತೆಗೆಸಿದೆ. ಎರಡು ವರ್ಷ ಕಷ್ಟಪಟ್ಟ. ಸಂಜೆ ಉಳಿದು ಲೆಕ್ಕ ಮಾಡುತ್ತಿದ್ದ. ಹತ್ತನೇ ತರಗತಿಯ ಗಣಿತದಲ್ಲಿ 61 ಬಂತು. ಆಮೇಲೆ ಐಟಿಐಗೆ ಫಿಟ್ಟರ್ ಟ್ರೇಡ್ ಸೇರಿದ. ಫಾರ್ಮ್ ತಾನೇ ತುಂಬಿ, ತಪ್ಪಿದೆಯಾ ನೋಡಿ ಟೀಚರ್ ಅಂತ ನನ್ನ ಹತ್ತಿರ ತಂದಿದ್ದ.